ಸಕ್ಕರೆ ತುಂಬಿ ಕಳಿಸಿದ ಡಬ್ಬಿ

ಲೇಖಕರು ಎದುರಿಗೆ ಸಿಕ್ಕರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. "ಇದನ್ನು ಬರೆಯೋದಕ್ಕೆ ನಿಮಗೆ ಪ್ರೇರಣೆ ಏನು?" ವಿನೋಬನಗರದ ನಮ್ಮ ಓದುಗರ ಬಳಗದಲ್ಲಿ ಈ ಪ್ರಶ್ನೆ ನನ್ನ ಆಸ್ತಿಯಂತೆ ಆಗಿಹೋಗಿತ್ತು. ನಾನು ಮೈಕ್ ಹಿಡಿದ ಕೂಡಲೇ ಹಿಂದಿನ ಸಾಲಿನವರು "ಬಂತು ನೋಡು ಪ್ರೇರಣೆ" ಎಂದು ಪಿಸುಗುಟ್ಟುತ್ತಿದ್ದರು. ನಗುವವರು ನಗಲಿ ಎಂದು ನಾನು ಕೇಳಿಯೇ ತೀರುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಉತ್ತರ ಸರಿಯಿದ್ದರೆ ಸಾಲದು, ಅದು ಹೇಗೆ ಬಂತು ಎಂದು ತೋರಿಸಬೇಕು ಎನ್ನುವುದು ನನ್ನ ಹಟ. ಒಬ್ಬರು ಕನಸು ಬಿತ್ತು ಅಂದಿದ್ದರು. ಇನ್ನೊಬ್ಬರು ಹಲ್ಲುನೋವಿಗೆ ನಿದ್ದೆ ಬಾರದೆ ಬರೆದೆ ಅಂದಿದ್ದರು. ನಾನು ಇಬ್ಬರನ್ನೂ ನಂಬಿರಲಿಲ್ಲ. ಈಗ ಆ ಪ್ರಶ್ನೆಯನ್ನು ಯಾರಿಗೂ ಕೇಳುವುದಿಲ್ಲ. ಯಾಕೆ ಬಿಟ್ಟಿರಿ ಎಂದು ಬಳಗದವರು ಕೇಳಿದರೆ ಗಂಟಲು ನೋವು ಎಂದೋ ಟೈಮಿಲ್ಲ ಎಂದೋ ಹೇಳಿ ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಇದು.

ನಮ್ಮ ಬಳಗ ತಿಂಗಳಿಗೊಂದು ಭಾನುವಾರ ಒಂದು ಕ್ಲಿನಿಕ್ಕಿನ ಮಹಡಿಯ ಮೇಲೆ ಸೇರುತ್ತದೆ. ಪ್ರತಿಯೊಬ್ಬರೂ ಹೊಸದಾಗಿ ಸಿಕ್ಕ ಒಂದು ಪುಸ್ತಕವನ್ನು ಪರಿಚಯ ಮಾಡಿಕೊಡಬೇಕು. ಹೊರಗಿನವರಿಗೆ ಇದು ಸಾಹಿತ್ಯಸೇವೆಯ ಹಾಗೆ ಕಾಣಬಹುದು, ಒಳಗೆ ನಡೆಯುವುದು ಪೈಪೋಟಿಯೇ. ಪ್ರಶಸ್ತಿ ಬಂದ ಮೇಲೆ ಪುಸ್ತಕ ಓದುವುದೇನು ಮಹಾ, ಬರುವ ಮೊದಲೇ ಓದಿ "ಇದು ನಿಲ್ಲುವ ಪುಸ್ತಕ" ಎಂದು ಹೇಳಬೇಕು. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಇತ್ತು ಎನ್ನುವುದೂ ಸುಳ್ಳೇ, ಇನ್ನೂ ಪೂರ್ತಿ ಹೋಗಿಲ್ಲ.

ಹೋದ ವರ್ಷ ಸವಳಂಗ ರಸ್ತೆಯ ಅಂಗಡಿಯೊಂದರಲ್ಲಿ, ಗೈಡುಗಳ ರಾಶಿಯ ಹಿಂದೆ, ಒಂದು ತೆಳ್ಳನೆಯ ಕಾದಂಬರಿ ಸಿಕ್ಕಿತು. ಲೇಖಕಿಯ ಹೆಸರು ನಾನು ಕೇಳಿದ್ದಲ್ಲ. ನಿಂತಲ್ಲೇ ಓದತೊಡಗಿದೆ. ಮೊದಲ ಪುಟದಲ್ಲೇ ಕಾರ್ಖಾನೆಯ ಸೈರನ್ ಕೂಗಿತು. ನಲ್ಲಿಯ ಮುಂದೆ ಹೆಂಗಸರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ ಆಡುತ್ತಿದ್ದರು. ಇದು ಭದ್ರಾವತಿ! ನಾನು ಹುಟ್ಟಿ ಬೆಳೆದ ಕ್ವಾರ್ಟರ್ಸ್! ಸಂತೋಷ ತಡೆಯಲಾಗದೆ ಅಂಗಡಿಯಿಂದಲೇ ಮುಖಪುಟದ ಫೋಟೋ ತೆಗೆದು ಬಳಗದ ಗ್ರೂಪಿಗೆ ಹಾಕಿದೆ. "ಈ ವರ್ಷದ ಪುಸ್ತಕ ಇದೇ. ಬೇಕಾದರೆ ಬರೆದಿಟ್ಟುಕೊಳ್ಳಿ" ಎಂದು ಕೆಳಗೆ ಸೇರಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಪ್ರಕಾಶಕರಿಂದ ನಂಬರ್ ತೆಗೆದುಕೊಂಡು ಅಂದು ಸಂಜೆಯೇ ಲೇಖಕಿಗೆ ಫೋನ್ ಮಾಡಿ ಮುಂದಿನ ತಿಂಗಳ ಸಂವಾದಕ್ಕೆ ಕರೆದೆ. ಅವರು ಮೈಸೂರಿನಲ್ಲಿದ್ದರು, ಖುಷಿಯಿಂದ ಒಪ್ಪಿಕೊಂಡರು. ಪುಸ್ತಕ ಪೂರ್ತಿ ಓದಿದ್ದು ಇಷ್ಟೆಲ್ಲ ಆದ ಮೇಲೆ.

ಕಾದಂಬರಿಯ ನಡುವೆ ಒಂದು ಅಧ್ಯಾಯವಿದೆ. ಒಂದೇ ಗೋಡೆ ಹಂಚಿಕೊಂಡ ಎರಡು ಕ್ವಾರ್ಟರ್ಸ್ ಮನೆಗಳು. ಒಂದರಲ್ಲಿ ತಮಿಳರು, ಇನ್ನೊಂದರಲ್ಲಿ ಕನ್ನಡದವರು. ತಮಿಳು ಮನೆಯ ತಾಯಿ ವಾರಕ್ಕೊಮ್ಮೆ ಪುಳಿಸಾದ ಮಾಡುತ್ತಾಳೆ. ನಮ್ಮ ಪುಳಿಯೋಗರೆಯ ಅಕ್ಕತಂಗಿಯಂಥ ಅನ್ನ ಅದು. ಮಾಡಿದ್ದನ್ನು ಹಿಡಿಯಿರುವ ಸ್ಟೀಲ್ ಡಬ್ಬಿಗೆ ತುಂಬಿ ಪಕ್ಕದ ಮನೆಗೆ ಕಳಿಸುತ್ತಾಳೆ. ಆ ಮನೆಯವರು ಚಪ್ಪರಿಸಿಕೊಂಡು ತಿನ್ನುತ್ತಾರೆ. ಡಬ್ಬಿ ಎಂದೂ ಖಾಲಿ ವಾಪಸ್ ಬರುವುದಿಲ್ಲ, ಅದರ ತುಂಬ ಸಕ್ಕರೆ ಇರುತ್ತದೆ. ತಮಿಳು ಮನೆಯ ಪುಟ್ಟ ಹುಡುಗಿ ಬಾಗಿಲಲ್ಲಿ ಕಾದು ನಿಂತಿದ್ದು, ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿ ನೆಕ್ಕುತ್ತಾಳೆ. ಗೋಡೆಯ ಆಚೆಗೂ ನಮ್ಮವರೇ ಇದ್ದಾರೆ ಎಂದುಕೊಳ್ಳುತ್ತಾಳೆ.

ನಾನು ಪುಸ್ತಕ ತಿರುಗಿಸಿ ಹಿಂಬದಿಯ ಫೋಟೋ ನೋಡಿದೆ. ಪುಸ್ತಕದ ಮೇಲಿದ್ದ ಹೆಸರು ಗೊತ್ತಿರಲಿಲ್ಲ, ಏಕೆಂದರೆ ನಾವು ಅವಳನ್ನು ಕರೆಯುತ್ತಿದ್ದದ್ದು ಮನೆಯ ಹೆಸರಿನಿಂದ. ಆದರೆ ಆ ಕಣ್ಣು ಗೊತ್ತಿತ್ತು. ಪಕ್ಕದ ಮನೆ ಆಂಟಿಯ ಮಗಳು. ಡಬ್ಬಿ ವಾಪಸ್ ತಲುಪಿಸುತ್ತಿದ್ದದ್ದು ನಾನೇ.

ಪುಸ್ತಕದಲ್ಲಿ ಇಲ್ಲದ ಸಂಗತಿಯೊಂದಿದೆ. ಆ ಪುಳಿಸಾದದ ಒಂದು ಅಗುಳನ್ನೂ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಹಾಕಿದವರಲ್ಲ. "ಅವರ ಒಲೆ ಮೇಲೆ ಮೀನು ಬೇಯುತ್ತೆ, ಆ ಒಲೆ ಅನ್ನ ನಮಗೆ ಬೇಡ. ಆದ್ರೆ ಬೇಡ ಅಂದ್ರೆ ಪಾಪ ನೊಂದ್ಕೋತಾಳೆ" ಎನ್ನುತ್ತಿದ್ದಳು ಅಮ್ಮ. ಡಬ್ಬಿ ಮುಂಬಾಗಿಲಿಂದ ಒಳಗೆ ಬಂದು, ಅಡುಗೆಮನೆಗೆ ಕಾಲಿಡದೆ, ಸೀದಾ ಹಿತ್ತಿಲಿಗೆ ಹೋಗುತ್ತಿತ್ತು. ಅಲ್ಲಿ ನಮ್ಮ ಹಸುವಿಗೆ ಕಲಗಚ್ಚು ಇಡುವ ಬಾನಿ ಇತ್ತು. ಅಮ್ಮ ಡಬ್ಬಿಯನ್ನು ಅದಕ್ಕೆ ಸುರಿದು, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಸಕ್ಕರೆ ತುಂಬಿ ನನ್ನ ಕೈಗೆ ಕೊಡುತ್ತಿದ್ದಳು. ಏನು ಹೇಳಬೇಕೆಂದೂ ಕಲಿಸಿದ್ದಳು. ನಾನು ಹೋಗಿ "ತುಂಬಾ ಚೆನ್ನಾಗಿತ್ತು ಆಂಟಿ" ಎಂದು ಒಪ್ಪಿಸಿ ಬರುತ್ತಿದ್ದೆ. ಆಂಟಿಯ ಮುಖ ಅರಳುತ್ತಿತ್ತು. ಮುಂದಿನ ವಾರ ಮತ್ತೆ ಡಬ್ಬಿ ಬರುತ್ತಿತ್ತು. ಹಸು ಮಾತ್ರ ಪಕ್ಷಪಾತವಿಲ್ಲದೆ ತಿನ್ನುತ್ತಿತ್ತು.

ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಒಬ್ಬರ ಮನಸ್ಸು ನೋಯಿಸದ ಹಾಗೆ ನಡೆದುಕೊಂಡೆವು ಎಂದೇ ನಮ್ಮ ಲೆಕ್ಕ. ಪುಸ್ತಕ ಓದಿ ಮುಗಿಸಿದ ದಿನ ಮಾತ್ರ ಮುಖ ಎತ್ತಿಕೊಂಡು ಓಡಾಡಲು ಆಗಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ನಮ್ಮನ್ನು ಹೊಗಳಿದ್ದಳು. ಆ ಕಾದಂಬರಿಯಲ್ಲಿ ಒಳ್ಳೆಯವರು ಎಂದು ಯಾರಾದರೂ ಇದ್ದರೆ ಅದು ನಾವು.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಕಣ್ಣು ಮಂಜಾಗಿರುವುದರಿಂದ ಆ ಅಧ್ಯಾಯವನ್ನು ನಾನೇ ಓದಿ ಹೇಳಿದೆ.

"ಒಳ್ಳೇದೇ ಬರ್ದಿದಾಳಲ್ಲ. ನೀನ್ಯಾಕೆ ಮುಖ ಹುಳ್ಳಗೆ ಮಾಡ್ಕೊಂಡಿದೀಯ?" ಅಂದಳು.

"ಅಮ್ಮ, ಅದು ಸುಳ್ಳು."

"ಸುಳ್ಳು ಅಂತ ಯಾರಿಗೆ ಗೊತ್ತು? ನಂಗೆ, ನಿಂಗೆ, ಸತ್ತುಹೋದ ಹಸುಗೆ. ಸುಮ್ನಿರು ಮಾರಾಯ್ತಿ, ಕೆಸರಿಗೆ ಕಲ್ಲು ಹಾಕ್ಬೇಡ."

ನಾನು ಸುಮ್ಮನಿದ್ದೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಫೋಟೋ ಇತ್ತು, ಲೇಖಕಿ ಗುರುತು ಹಿಡಿಯದಿರಲಿ ದೇವರೇ ಎಂದು ಬೇಡಿಕೊಂಡೆ. ಸಂವಾದ ಇನ್ನೇನು ಬಂತು ಎನ್ನುವಾಗ ಅವಳ ಫೋನ್ ಬಂತು.

"ಮೇಡಂ, ನೀವು ಭದ್ರಾವತಿಯವರಾ? ಕ್ವಾರ್ಟರ್ಸಲ್ಲಿ ಇದ್ರಾ?" ಹೌದು ಎನ್ನುವಷ್ಟರಲ್ಲಿ ಅವಳು ಕಿರುಚಿಬಿಟ್ಟಳು. "ಅಕ್ಕಾ! ನೀವೇನಾ! ಅಮ್ಮ ಇದಾರಾ? ಅವರನ್ನ ಕರ್ಕೊಂಡು ಬರ್ಲೇಬೇಕು. ನಮ್ಮಮ್ಮ ಇನ್ನೂ ಭದ್ರಾವತೀಲೇ ಇದಾರೆ, ನಾನೂ ಅವರನ್ನ ಕರ್ಕೊಂಡು ಬರ್ತೀನಿ."

ಆ ಕ್ಷಣದಲ್ಲಾದರೂ ಹೇಳಬಹುದಿತ್ತು. ಹೇಳಿದರೆ ಅವಳ ಪುಸ್ತಕದ ಬುನಾದಿಯೇ ಅಲುಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪುಸ್ತಕಕ್ಕಿಂತ ಹೆಚ್ಚಾಗಿ ನನ್ನ ಮರ್ಯಾದೆಯ ಚಿಂತೆ ನನಗಿತ್ತು ಎನ್ನುವುದೇ ಸತ್ಯ.

ಭಾನುವಾರ ಮಹಡಿ ತುಂಬಿತ್ತು. ಆಂಟಿ ಮುಂದಿನ ಸಾಲಿನಲ್ಲಿ, ಅಮ್ಮನ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಒಂದು ಬಟ್ಟೆಚೀಲ ಇಟ್ಟುಕೊಂಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೂಗುಬೊಟ್ಟುಗಳು ಹಾಗೇ ಇದ್ದವು. ಇಬ್ಬರು ಮುದುಕಿಯರೂ ಕೈ ಹಿಡಿದುಕೊಂಡು ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದರು. ನಾನು ವೇದಿಕೆಯ ಮೇಲೆ ಕೂತು ನೀರಿನ ಮೇಲೆ ನೀರು ಕುಡಿಯುತ್ತಿದ್ದೆ.

ಪ್ರೇರಣೆಯ ಪ್ರಶ್ನೆಯನ್ನು ಅಂದು ಕೇಳಲೇಬಾರದು ಎಂದುಕೊಂಡಿದ್ದೆ. ಭಾಷೆ, ತಂತ್ರ, ಪಾತ್ರಗಳು ಎಂದು ಏನೇನೋ ಸುತ್ತಿ ಬಳಸಿ ಕೇಳುತ್ತ ಹೋದೆ. ಹಿಂದಿನ ಸಾಲಿನವರು ಬಿಡಬೇಕಲ್ಲ! "ಮೇಡಂ, ನಿಮ್ಮ ಪ್ರಶ್ನೆ ಮರ್ತುಬಿಟ್ರಾ?" ಎಂದು ಒಬ್ಬರು ಕೂಗಿದರು. ಎಲ್ಲರೂ ನಕ್ಕರು. ಲೇಖಕಿಯೂ ನಕ್ಕು, ತಾನೇ ಮೈಕ್ ಎತ್ತಿಕೊಂಡಳು.

"ಪ್ರೇರಣೆ ಇಲ್ಲೇ ಕೂತಿದೆ," ಅಂದಳು. ಅಮ್ಮನ ಕಡೆ ಕೈ ತೋರಿಸಿದಳು. ಡಬ್ಬಿಯ ಕತೆ ಹೇಳಿದಳು, ಸಕ್ಕರೆಯ ಕತೆ ಹೇಳಿದಳು. ಬೇರೆ ಊರುಗಳಲ್ಲಿ ಬೇರೆ ತರಹದ ಮನುಷ್ಯರನ್ನು ಕಂಡು ಮನಸ್ಸು ಮುದುಡಿದಾಗಲೆಲ್ಲ ಆ ಡಬ್ಬಿ ನೆನಪಿಗೆ ಬರುತ್ತಿತ್ತಂತೆ. ಅದರಿಂದಲೇ ಬರೆಯಲು ಕೂತಳಂತೆ. ಬಳಗದವರು ಅಮ್ಮನಿಗೆ ಶಾಲು ಹೊದಿಸಿದರು. ಅಮ್ಮ ಶಾಲಿನ ಒಳಗೆ ಚಿಕ್ಕದಾಗಿ ಕೂತಳು, ನನ್ನ ಕಡೆ ನೋಡಲಿಲ್ಲ. ಆಮೇಲೆ ಲೇಖಕಿ ನನ್ನ ಕಡೆ ತಿರುಗಿ, "ಅಕ್ಕ, ನಮ್ಮಮ್ಮನ ಪುಳಿಸಾದದ ರುಚಿ ನಿಮಗೆ ನೆನಪಿದೆಯಾ?" ಎಂದು ಕೇಳಿದಳು.

"ಆ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ," ಎಂದೆ ನಾನು.

ಯಾರೂ ಹೇಳಿಸಲಿಲ್ಲ. ಬಾಯಿ ತಾನಾಗಿ ಹೇಳಿತು, ಅದೂ ಮೈಕಿನಲ್ಲಿ. ಜೋರಾಗಿ ಚಪ್ಪಾಳೆ ಬಿತ್ತು. ಆಂಟಿಯೂ ಚಪ್ಪಾಳೆ ತಟ್ಟುತ್ತಾರೇನೋ ಎಂದು ನೋಡಿದೆ. ಅವರು ಚೀಲದ ಹಿಡಿಯನ್ನು ಸರಿಮಾಡಿಕೊಳ್ಳುತ್ತಿದ್ದರು.

ಹೊರಡುವಾಗ ಆಂಟಿ ಆ ಚೀಲವನ್ನು ನನ್ನ ಕೈಗೆ ಕೊಟ್ಟರು. ಒಳಗೆ ಅದೇ ಬಗೆಯ ಸ್ಟೀಲ್ ಡಬ್ಬಿ. ತಮಿಳಿನವರ ಮುದ್ದಿನ ಮಾತಿನಲ್ಲಿ ನನ್ನನ್ನು ಈಗಲೂ ಕಣ್ಣು ಎಂದೇ ಕರೆದರು. "ಬೆಳಿಗ್ಗೆ ಮಾಡ್ದೆ ಕಣ್ಣು. ಪುಳಿಸಾದ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆವಾಗ್ಲೂ ನಿಮ್ಮ ಮನೆಗೆ ಅಂತ ಹಾಕ್ತಿರ್ಲಿಲ್ಲ. ಡಬ್ಬಿ ಆಮೇಲೆ ಕೊಡು, ಅವಸರ ಇಲ್ಲ."

ಅಮ್ಮ ಮನೆಗೆ ಬಂದವಳೇ ಶಾಲನ್ನು ಮಡಚಿ "ಇದನ್ನ ಯಾರಿಗಾದ್ರೂ ಕೊಟ್ಬಿಡು, ಮೈ ಚುಚ್ಚುತ್ತೆ" ಅಂದಳು. ನಾನು ಡಬ್ಬಿ ತೆರೆದು, ತಟ್ಟೆಗೆ ಬಡಿಸಿಕೊಂಡು, ಅವಳ ಎದುರಿಗೇ ಕೂತು ತಿನ್ನಲು ಶುರುಮಾಡಿದೆ. ಸ್ವಲ್ಪ ಸಿಟ್ಟಿನಿಂದಲೇ ಕೂತಿದ್ದೆ, ಸುಳ್ಳಿಲ್ಲ. ಎರಡು ತುತ್ತು ತಿಂದವಳು ನಿಲ್ಲಿಸಿದೆ. ಅಮ್ಮ ನೋಡುತ್ತಲೇ ಇದ್ದವಳು, ನಾನು ಕೇಳದೆಯೇ ಕೈ ಚಾಚಿ "ನಂಗೂ ಒಂದು ತುತ್ತು ಹಾಕು" ಅಂದಳು. ಜೀವನದಲ್ಲಿ ಮೊದಲ ಸಲ ಆ ಮನೆಯ ಅನ್ನ ಅವಳ ಬಾಯಿಗೆ ಹೋಯಿತು. ಅಗಿದು ನುಂಗಿದಳು.

"ಉಪ್ಪೇ ಇಲ್ವಲ್ಲೇ ಇದ್ರಲ್ಲಿ."

"ಹೂಂ. ಮರ್ತಿರ್ಬೇಕು. ಇಲ್ಲಾ ಬಿಪಿಗೆ ಅಂತ ಡಾಕ್ಟ್ರು ಬಿಡಿಸಿರ್ಬೇಕು."

"ಪಾಪ, ವಯಸ್ಸಾಯ್ತು. ಹೇಳ್ಬೇಡ ಮತ್ತೆ, ನೊಂದ್ಕೋತಾಳೆ."

ಉಪ್ಪಿಲ್ಲದ ಪುಳಿಸಾದವನ್ನು ತಿಂದು ನೋಡಿದವರಿಗೇ ಅದು ಗೊತ್ತು. ಬರೀ ಹುಳಿ, ಬರೀ ಖಾರ, ಯಾವುದಕ್ಕೂ ಯಾವುದೂ ಸೇರುವುದಿಲ್ಲ. ಆದರೂ ಇಬ್ಬರೂ ಸೇರಿ ಡಬ್ಬಿ ಖಾಲಿ ಮಾಡಿದೆವು, ಒಂದು ಅಗುಳು ಬಿಡಲಿಲ್ಲ. ಮೇಲೆ ಉಪ್ಪು ಉದುರಿಸಿಕೊಳ್ಳಲೂ ಇಲ್ಲ. ಹಳೆಯ ಪಾಪಕ್ಕೆ ಇದು ಪ್ರಾಯಶ್ಚಿತ್ತ ಎಂದು ಒಳಗೊಳಗೇ ಅಂದುಕೊಂಡೆ. ಹಗುರವೂ ಆಯಿತು. ಅಷ್ಟು ಸುಲಭಕ್ಕೆ ಹಗುರಾದದ್ದಕ್ಕೆ ಈಗ ಇನ್ನೂ ನಾಚಿಕೆ. ಅಮ್ಮ ತಾನೇ ಡಬ್ಬಿ ತೊಳೆದು, ಒರೆಸಿ, ತಡವರಿಸುತ್ತ ಸಕ್ಕರೆ ತುಂಬಿ ಇಟ್ಟಳು.

ಮುಂದಿನ ರಜೆಯ ದಿನ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿ ಆಂಟಿಯದು ಎರಡು ಕೋಣೆಯ ಸ್ವಂತ ಮನೆ. ಮಗಳು ಮೈಸೂರಿಗೆ ಹೊರಟುಹೋಗಿದ್ದಳು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು, ವಾಸನೆ ಬಾಗಿಲಿಗೇ ಬಂತು. ನಾನು ಒಳಗೆ ಹೋಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ಮುಚ್ಚಳ ತೆಗೆದು ಸಕ್ಕರೆ ನೋಡಿದರು.

"ಹೇಗಿತ್ತು?" ಎಂದರು.

"ತುಂಬಾ ಚೆನ್ನಾಗಿತ್ತು ಆಂಟಿ."

ಆಂಟಿ ಮುಚ್ಚಳವನ್ನು ಹಾಗೇ ಮುಚ್ಚಿದರು. ಸಿಟ್ಟು ಮಾಡಲಿಲ್ಲ. ಮಣೆಯ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡರು.

"ಆವಾಗ ಒಂದ್ಸಲ ಉಪ್ಪು ಹಾಕೋದೇ ಮರ್ತುಬಿಟ್ಟಿದ್ದೆ," ಅಂದರು. "ನಿಮ್ಮ ಮನೆಗೆ ಕಳ್ಸಿದ್ಮೇಲೆ ನಮ್ಮೋರು ಊಟಕ್ಕೆ ಕೂತ್ರು. ಒಂದು ತುತ್ತು ತಿಂದು ತಟ್ಟೆ ತಳ್ಳಿದ್ರು. ನಂಗೆ ಕೈಕಾಲೇ ಆಡ್ಲಿಲ್ಲ. ಪಕ್ಕದ ಮನೆಯೋರು ಏನಂದ್ಕೋತಾರೋ, ಹೋಗಿ ಹೇಳ್ಬಿಡೋಣ ಅಂತ ಎದ್ದೆ. ಅಷ್ಟ್ರಲ್ಲಿ ನೀನೇ ಬಂದೆ. ಡಬ್ಬಿ ತುಂಬ ಸಕ್ಕರೆ. ತುಂಬಾ ಚೆನ್ನಾಗಿತ್ತು ಆಂಟಿ ಅಂದೆ."

ನನಗೆ ಆ ದಿನ ನೆನಪಿಲ್ಲ. ನನಗೆ ಎಲ್ಲ ದಿನವೂ ಒಂದೇ ಆಗಿತ್ತು.

"ಅವತ್ತು ಗೊತ್ತಾಯ್ತು. ಆಮೇಲೆ ಹಿತ್ಲಲ್ಲಿ ನಿಮ್ಮ ಬಾನೀನೂ ನೋಡ್ದೆ."

"ಆದ್ರೂ ಯಾಕೆ ಕಳಿಸ್ತಿದ್ರಿ ಆಂಟಿ?"

"ನನ್ ಮಗಳು ಸಕ್ಕರೆಗೆ ಅಂತ ಬಾಗ್ಲಲ್ಲೇ ನಿಂತಿರ್ತಿದ್ಲಲ್ಲ. ಏನಂತ ಹೇಳೋದು ಅವಳಿಗೆ? ಹಸು ತಾನೇ, ತಿನ್ಲಿ ಅಂದ್ಕೊಂಡೆ." ಸ್ವಲ್ಪ ನಕ್ಕರು. "ಮೊನ್ನೆ ಅವಳು ನಿಮ್ಮನ್ನೆಲ್ಲ ನೋಡ್ತೀನಿ ಅಂತ ಕುಣೀತಿದ್ಲು. ನಂಗೂ ಆಸೆ ಆಯ್ತು. ಇನ್ನೊಂದ್ಸಲ ನೋಡೋಣ ಅಂತ ಬೇಕಂತ್ಲೇ ಉಪ್ಪು ಹಾಕ್ಲಿಲ್ಲ. ಈ ಸಲ ಏನ್ ಆಂಟಿ ಉಪ್ಪಿಲ್ಲ ಅಂತ ಬೈತೀಯ ಅಂದ್ಕೊಂಡಿದ್ದೆ."

"ಆಂಟಿ, ಈ ಸಲ ತಿಂದೆ! ದೇವರಾಣೆ ತಿಂದೆ. ಅಮ್ಮನೂ ತಿಂದ್ಲು. ಉಪ್ಪಿರ್ಲಿಲ್ಲ, ಗೊತ್ತಾಯ್ತು. ನಿಮಗೆ ಬೇಜಾರಾಗುತ್ತೆ ಅಂತ..."

ಆಂಟಿ ನನ್ನನ್ನೇ ನೋಡುತ್ತಿದ್ದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಂಬಲು ಯಾವ ಕಾರಣವನ್ನೂ ನಾನು ಅವರಿಗೆ ಉಳಿಸಿರಲಿಲ್ಲ. ಉಪ್ಪಿಲ್ಲ ಎಂದು ಅವರೇ ಹೇಳಿದ ಮೇಲೆ ನಾನು ಹೇಳಿದರೆ ಅದಕ್ಕೇನು ಬೆಲೆ? ಮೈಕಿನಲ್ಲಿ ನಾಲಿಗೆಯ ಮೇಲೆ ರುಚಿ ಇದೆ ಎಂದವಳ ದೇವರಾಣೆಗಾದರೂ ಏನು ಬೆಲೆ?

"ತಿಂದಿರ್ಬಹುದು ಕಣ್ಣು," ಅಂದರು. "ಆದ್ರೆ ಮನೆಯೋರು ತಟ್ಟೆ ತಳ್ತಾರೆ. ಹೊರಗಿನೋರು ಚೆನ್ನಾಗಿತ್ತು ಅಂತಾರೆ."

ಅಳು ಬಂತು. ಅದನ್ನು ನುಂಗಿಕೊಂಡು, "ಅವಳಿಗೆ ಹೇಳ್ತೀರಾ?" ಎಂದು ಕೇಳಿದೆ. ಆಗಲೂ ನನಗಿದ್ದದ್ದು ನನ್ನ ಚಿಂತೆಯೇ.

"ಯಾಕೆ ಹೇಳ್ಲಿ? ಅವಳು ಸಕ್ಕರೆ ತಿಂದಿದ್ದು ನಿಜ ತಾನೇ? ಅಷ್ಟನ್ನೇ ಬರ್ದಿದಾಳೆ. ಪುಸ್ತಕ ಅವಳ್ದು. ಬಾನಿ ನಿಮ್ದು."

ನಾನು ಹೊರಡಲು ಎದ್ದೆ. ಆಂಟಿ ನನ್ನ ತೋಳು ಹಿಡಿದು ಕೂರಿಸಿದರು. ಪಾತ್ರೆಯಲ್ಲಿ ಉಳಿದಿದ್ದ ಬೆಳಗಿನ ಅನ್ನವನ್ನು ತಟ್ಟೆಗೆ ಹಾಕಿದರು, ಜಾಡಿಯಿಂದ ಹುಳಿಗೊಜ್ಜು ತೆಗೆದರು. ಉಪ್ಪಿನ ಮರಿಗೆಯನ್ನು ನನ್ನ ಮುಖದ ಹತ್ತಿರ ತಂದು ತೋರಿಸಿ, "ನೋಡ್ಕೋ, ಹಾಕ್ತಿದೀನಿ" ಎಂದು ಹಿಡಿ ತುಂಬ ಉದುರಿಸಿ ಕಲಸಿದರು. ಪಕ್ಕದಲ್ಲಿ ಮೀನಿನ ಸಾರು ಕುದಿಯುತ್ತಲೇ ಇತ್ತು. ತಟ್ಟೆಯನ್ನು ನನ್ನ ಮುಂದಿಟ್ಟು ಎದುರಿಗೆ ಕೂತರು.

"ತಿನ್ನು. ನಾನು ನೋಡ್ತೀನಿ."

ತುತ್ತು ಬಾಯಿಗಿಟ್ಟೆ. ಇಡೀ ಬಾಯಿ ಕಟ್ಟಿಹೋಯಿತು. ಕಣ್ಣಲ್ಲಿ ನೀರು ಬಂತು, ಅದರಲ್ಲಿ ಎಷ್ಟು ಉಪ್ಪಿನದೋ ಎಷ್ಟು ನನ್ನದೋ ಗೊತ್ತಿಲ್ಲ. ಚೆನ್ನಾಗಿದೆ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಅನ್ನದ ಜೊತೆಗೇ ನುಂಗಿದೆ.

"ಹೇಗಿದೆ?" ಎಂದರು ಆಂಟಿ.

"ತಿನ್ನೋಕಾಗ್ತಿಲ್ಲ ಆಂಟಿ. ಉಪ್ಪು ತುಂಬಾ ಜಾಸ್ತಿ ಆಯ್ತು."

ಆಂಟಿ ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು. "ಈಗ ಹೋಗಿ ಮೈಕಲ್ಲಿ ಹೇಳು ಕಣ್ಣು," ಅಂದರು, "ರುಚಿ ನಾಲಿಗೆ ಮೇಲಿದೆ ಅಂತ."